ಎರಡು ಕೌಂಟರ್, ಒಂದೇ ಟೋಕನ್ ಲೆಕ್ಕ: ಪೈಥಾನ್‌ನಲ್ಲಿ ಸಿಂಗಲ್‌ಟನ್ ಬಳಸುವುದು ಹೇಗೆ

ಉಡುಪಿಯ ರಥಬೀದಿಯಿಂದ ಸ್ವಲ್ಪ ದೂರದಲ್ಲಿ ನನ್ನ ಚಿಕ್ಕಪ್ಪನ ಹೋಟೆಲ್ ಉಂಟು. ಸಂಜೆ ಹೊತ್ತು ಗೋಳಿಬಜೆ, ಬನ್ಸ್, ಮಸಾಲೆದೋಸೆಗೆ ಜನ ಜಾಸ್ತಿ. ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡರೆ, ತಿಂಡಿ ರೆಡಿಯಾದಾಗ ಒಳಗಿನಿಂದ ಮೈಕಿನಲ್ಲಿ ನಂಬರ್ ಕೂಗುತ್ತಾರೆ. ಆ ಟೋಕನ್ ಪ್ರೋಗ್ರಾಂ ನಾನು ಪೈಥಾನ್‌ನಲ್ಲಿ ಬರೆದುಕೊಟ್ಟದ್ದು.

ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ. 17ರ ರಾತ್ರಿ ಊರಿಗೆ ಊರೇ ಎಚ್ಚರ ಇರುತ್ತದೆ. ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವವರೆಗೂ ಹೋಟೆಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಥ ಒಂದು ರಾತ್ರಿ ಪಾರ್ಸೆಲ್‌ಗೆಂದು ಎರಡನೇ ಕೌಂಟರ್ ತೆರೆದೆವು. ಕಂಪ್ಯೂಟರ್ ಒಂದೇ, ಪ್ರೋಗ್ರಾಂ ಒಂದೇ. ಪರದೆ ಎರಡು, ಪ್ರಿಂಟರ್ ಎರಡು.

ಹತ್ತು ನಿಮಿಷ ಆಗಿರಲಿಲ್ಲ. ಒಳಗಿನಿಂದ "ಏಳು" ಎಂದು ಕೂಗಿದರು. ಒಬ್ಬರು ಮಸಾಲೆದೋಸೆಗೆ ಕೈ ಚಾಚಿದರು. ಮಗುವನ್ನು ಎತ್ತಿಕೊಂಡಿದ್ದ ಅಮ್ಮ ಒಬ್ಬರು ಬನ್ಸ್ ಪಾರ್ಸೆಲ್‌ಗೆ ಬಂದು ನಿಂತರು. ಇಬ್ಬರ ಕೈಯಲ್ಲೂ 7ನೇ ನಂಬರಿನ ಚೀಟಿ. ಚಿಕ್ಕಪ್ಪ ಎರಡೂ ಚೀಟಿಯನ್ನು ನನ್ನ ಮುಂದೆ ಹಿಡಿದು, "ಎಂತ ಮಾರಾಯ ಇದು? ಒಂದೇ ನಂಬರು ಇಬ್ಬರಿಗೆ ಕೊಟ್ಟಿದೆಯಲ್ಲ" ಎಂದರು.

ಕಾರಣ ಸಣ್ಣದು. ಊಟದ ಕೌಂಟರಿನ ಫೈಲಿನಲ್ಲಿ ನಾನು ಟೋಕನ್ ಎಣಿಸುವ ಒಂದು ಆಬ್ಜೆಕ್ಟ್ ಮಾಡಿದ್ದೆ. ಪಾರ್ಸೆಲ್ ಕೌಂಟರಿನ ಫೈಲಿನಲ್ಲಿ ಅದೇ ಕ್ಲಾಸಿನಿಂದ, ಅಂದರೆ ಅದೇ ಅಚ್ಚಿನಿಂದ, ಇನ್ನೊಂದು ಆಬ್ಜೆಕ್ಟ್. ಎರಡೂ 1ರಿಂದ ಎಣಿಸುತ್ತ ಹೋದವು. ಎರಡು ಕಡೆ ಬೇಕಾದದ್ದು ಒಂದೇ ಆಬ್ಜೆಕ್ಟ್. ಇಂಥ ಕಡೆಗೇ ಸಿಂಗಲ್‌ಟನ್ ಇರುವುದು. ಒಂದು ಕ್ಲಾಸಿಗೆ ಇಡೀ ಪ್ರೋಗ್ರಾಂನಲ್ಲಿ ಒಂದೇ ಆಬ್ಜೆಕ್ಟ್ ಇರಬೇಕು, ಯಾರು ಎಲ್ಲಿಂದ ಕೇಳಿದರೂ ಅದೇ ಸಿಗಬೇಕು. ಮಠ ಎಂಟಿದ್ದರೂ ಪರ್ಯಾಯದಲ್ಲಿ ಕೈಯಿಂದ ಕೈಗೆ ಹೋಗುವ ಅಕ್ಷಯಪಾತ್ರೆ ಒಂದೇ ಅಲ್ವಾ, ಹಾಗೆ.

ಕೋಡ್ ಓದುವ ಮೊದಲು ಒಂದು ಮಾತು. ಪೈಥಾನ್ 3ರಲ್ಲಿ ಕ್ಲಾಸ್, ವೇರಿಯಬಲ್, ಫಂಕ್ಷನ್‌ಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು, ಅದು ನಿಜವಾಗಿ ಓಡುತ್ತದೆ. ಆದರೆ ಕ್ಲಾಸ್, ಡೆಫ್, ಇಫ್, ರಿಟರ್ನ್, ಸೂಪರ್ ಮುಂತಾದ ಭಾಷೆಯ ಸ್ವಂತ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದಲು ಸುಲಭವಾಗಲಿ ಎಂದು ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಅಷ್ಟನ್ನು ಬದಲಿಸಿಕೊಳ್ಳಿ.

ಮೊದಲು ಕೇಳಬೇಕಾದ ಪ್ರಶ್ನೆ

ಎರಡು ಆಬ್ಜೆಕ್ಟ್ ಇದ್ದರೆ ಏನು ಕೆಡುತ್ತದೆ? ಈ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಬಂದರೆ ಮಾತ್ರ ಮುಂದೆ ಹೋಗಿ. ಟೋಕನ್ ಲೆಕ್ಕ ಎರಡಿದ್ದರೆ ಒಂದೇ ನಂಬರ್ ಇಬ್ಬರಿಗೆ ಹೋಗುತ್ತದೆ. ಉತ್ತರ ಸ್ಪಷ್ಟ. ಪ್ರಿಂಟರಿಗೆ ಎರಡು ಕಡೆಯಿಂದ ಒಟ್ಟಿಗೆ ಬರೆದರೆ ಚೀಟಿಯಲ್ಲಿ ಸಾಲುಗಳು ಬೆರೆತು ಹೋಗುತ್ತವೆ. ಅದೂ ಸ್ಪಷ್ಟ. ಆದರೆ ಬಿಲ್? ಗಿರಾಕಿಗೊಂದು ಬಿಲ್ ಬೇಕೇ ಬೇಕು. ತಿಂಡಿಯ ದರಪಟ್ಟಿ? ಯಾರೂ ಬದಲಿಸದಿದ್ದರೆ ಎರಡು ಪ್ರತಿ ಇದ್ದರೂ ನಷ್ಟ ಇಲ್ಲ, ಸ್ವಲ್ಪ ಮೆಮೊರಿ ಹೋಗುತ್ತದೆ ಅಷ್ಟೇ.

"ಎಲ್ಲ ಕಡೆಯಿಂದ ಸುಲಭವಾಗಿ ಸಿಗಲಿ" ಎಂಬ ಒಂದೇ ಕಾರಣಕ್ಕೆ ಸಿಂಗಲ್‌ಟನ್ ಮಾಡಬೇಡಿ. ಅದು ಗ್ಲೋಬಲ್ ವೇರಿಯಬಲ್‌ಗೆ ಬೇರೆ ಹೆಸರು ಕೊಟ್ಟಂತೆ. ಯಾರು ಎಲ್ಲಿ ಅದರೊಳಗಿನ ಬೆಲೆ (ವ್ಯಾಲ್ಯೂ) ಬದಲಿಸಿದರು ಎಂದು ಹುಡುಕುತ್ತ ಕೂರಬೇಕಾಗುತ್ತದೆ.

ಈಗ ತೊಂದರೆಯನ್ನು ಕಣ್ಣಾರೆ ನೋಡಿ. ಪೈಥಾನ್ ತೆರೆದು, ನಿಮ್ಮ ಕ್ಲಾಸನ್ನು ಎರಡು ಸಲ ಕರೆದು ಊಟ, ಪಾರ್ಸೆಲ್ ಎಂಬ ಎರಡು ಹೆಸರಿಗೆ ಹಾಕಿ. ಆಮೇಲೆ "ಊಟ ಈಸ್ ಪಾರ್ಸೆಲ್" ಎಂದು ಕೇಳಿ. ಫಾಲ್ಸ್ ಎಂದು ಬರುತ್ತದೆ. ಎರಡು ಸಮ ಚಿಹ್ನೆ ಹಾಕಿ ಹೋಲಿಸಬೇಡಿ, ಈಸ್ ಹಾಕಿಯೇ ಕೇಳಿ. ಸಮ ಚಿಹ್ನೆ "ಇವೆರಡರ ಬೆಲೆ ಒಂದೇನಾ" ಎಂದು ಕೇಳುತ್ತದೆ. ಈಸ್ "ಇವೆರಡು ಒಂದೇ ಆಬ್ಜೆಕ್ಟಾ" ಎಂದು ಕೇಳುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಪೈಥಾನ್‌ನ ನನ್ ("ಏನೂ ಇಲ್ಲ" ಎಂದು ಹೇಳುವ ಬೆಲೆ) ಕೂಡ ಹೀಗೆ ಒಂದೇ ಒಂದು ಇರುವ ಆಬ್ಜೆಕ್ಟ್. ಅದಕ್ಕೇ ನನ್ ಜೊತೆ ಹೋಲಿಸುವಾಗ ಈಸ್ ಬಳಸಿ ಎಂದು ಪೈಥಾನ್‌ನ ಶೈಲಿ ನಿಯಮವೇ ಹೇಳುತ್ತದೆ.

ಸುಲಭದ ದಾರಿ: ಮಾಡ್ಯೂಲ್

1994ರಲ್ಲಿ ಬಂದ ಒಂದು ಪುಸ್ತಕದಲ್ಲಿ ನಾಲ್ವರು ಸೇರಿ 23 ಡಿಸೈನ್ ಪ್ಯಾಟರ್ನ್‌ಗಳನ್ನು, ಅಂದರೆ ಮತ್ತೆ ಮತ್ತೆ ಎದುರಾಗುವ ತೊಂದರೆಗಳಿಗೆ ಸಿದ್ಧ ಪರಿಹಾರಗಳನ್ನು, ವಿವರಿಸಿದರು. ಸಿಂಗಲ್‌ಟನ್ ಅವುಗಳಲ್ಲಿ ಒಂದು. ಅದರ ಉದಾಹರಣೆಗಳು ಸಿ ಪ್ಲಸ್ ಪ್ಲಸ್ ಮತ್ತು ಸ್ಮಾಲ್‌ಟಾಕ್ ಭಾಷೆಯವು. ಆ ಕಡೆಯಿಂದ, ಇಲ್ಲವೇ ಜಾವಾ ಕಲಿತು ಬಂದವರು ಪೈಥಾನ್‌ನಲ್ಲೂ ಅದೇ ಥರ ಕ್ಲಾಸಿನೊಳಗೆ ಕಸರತ್ತು ಮಾಡುತ್ತಾರೆ. ಪೈಥಾನ್‌ನಲ್ಲಿ ಅಷ್ಟು ಬೇಕಾಗಿಲ್ಲ. ಒಂದು ಫೈಲನ್ನು (ಅದನ್ನೇ ಮಾಡ್ಯೂಲ್ ಎನ್ನುವುದು) ಮೊದಲ ಸಲ ಇಂಪೋರ್ಟ್ ಮಾಡಿದಾಗ, ಅಂದರೆ ಇನ್ನೊಂದು ಫೈಲಿಗೆ ತಂದುಕೊಂಡಾಗ ಮಾತ್ರ ಅದು ಓಡುತ್ತದೆ. ಆಗ ಪೈಥಾನ್ ಆ ಮಾಡ್ಯೂಲನ್ನು ಸಿಸ್ ಡಾಟ್ ಮಾಡ್ಯೂಲ್ಸ್ ಎಂಬ ಡಿಕ್ಷನರಿಯಲ್ಲಿ ಇಟ್ಟುಕೊಳ್ಳುತ್ತದೆ. ಎರಡನೇ ಸಲ ಯಾರು ಇಂಪೋರ್ಟ್ ಮಾಡಿದರೂ ಅಲ್ಲಿಂದ ತೆಗೆದು ಕೊಡುತ್ತದೆ. ಅಂದರೆ ಮಾಡ್ಯೂಲ್ ತಾನೇ ಸಿಂಗಲ್‌ಟನ್.

ಹೀಗೆ ಮಾಡಿ. ಒಂದು ಹೊಸ ಫೈಲ್ ತೆರೆಯಿರಿ. ಅದಕ್ಕೆ ಹೋಟೆಲ್_ಟೋಕನ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ. ಬರೀ ಟೋಕನ್ ಎಂದು ಇಡಲೇಬೇಡಿ. ಆ ಹೆಸರಿನ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ. ನಿಮ್ಮ ಫೈಲ್ ಅದನ್ನು ಮರೆಮಾಡಿದರೆ, ಸಂಬಂಧವೇ ಇಲ್ಲದ ಇನ್ನೆಲ್ಲೋ ಎರರ್ ಬಂದು ಅರ್ಧ ದಿನ ಹಾಳಾಗುತ್ತದೆ. ಕ್ಯೂ ಎಂಬ ಹೆಸರಿಗೂ ಇದೇ ಮಾತು. ಫೈಲಿನೊಳಗೆ ಇಷ್ಟು:

ಕ್ಲಾಸ್ ಟೋಕನ್_ಲೆಕ್ಕ:
    ಡೆಫ್ __ಇನಿಟ್__(ಸೆಲ್ಫ್):
        ಸೆಲ್ಫ್.ನಂಬರ್ = 0

    ಡೆಫ್ ಮುಂದಿನದು(ಸೆಲ್ಫ್):
        ಸೆಲ್ಫ್.ನಂಬರ್ += 1
        ರಿಟರ್ನ್ ಸೆಲ್ಫ್.ನಂಬರ್

ಲೆಕ್ಕ = ಟೋಕನ್_ಲೆಕ್ಕ()

ಎರಡೂ ಕೌಂಟರಿನ ಫೈಲಿನಲ್ಲಿ ಮೇಲುಗಡೆ ಒಂದೇ ಸಾಲು:

ಫ್ರಮ್ ಹೋಟೆಲ್_ಟೋಕನ್ ಇಂಪೋರ್ಟ್ ಲೆಕ್ಕ

ಟೋಕನ್ ಬೇಕಾದಾಗ ಲೆಕ್ಕ.ಮುಂದಿನದು() ಎಂದು ಕರೆಯಿರಿ. ಕೌಂಟರಿನ ಫೈಲಿನಲ್ಲಿ ಕ್ಲಾಸಿನ ಹೆಸರು ಬರಲೇಬಾರದು. ಈಗ ಊಟದ ಕೌಂಟರ್ 7 ಕೊಟ್ಟರೆ ಪಾರ್ಸೆಲ್ ಕೌಂಟರ್ 8 ಕೊಡುತ್ತದೆ.

ಇದರಲ್ಲಿ ಮೂರು ಕಡೆ ಎಡವುವುದನ್ನು ನೋಡಿದ್ದೇನೆ. ಒಂದು, ಆಬ್ಜೆಕ್ಟ್ ಯಾಕೆ, ನಂಬರ್ ಎಂಬ ವೇರಿಯಬಲನ್ನೇ ಮಾಡ್ಯೂಲಿನಲ್ಲಿ ಇಟ್ಟು ಅದನ್ನೇ ಇಂಪೋರ್ಟ್ ಮಾಡಿದರೆ ಸಾಲದಾ ಎಂದು ಅನ್ನಿಸುತ್ತದೆ. ಸಾಲದು. ಫ್ರಮ್ ಹಾಕಿ ನಂಬರ್ ತಂದುಕೊಂಡರೆ ನಿಮ್ಮ ಫೈಲಿನಲ್ಲಿ ಹೊಸ ಹೆಸರೊಂದು ಹುಟ್ಟುತ್ತದೆ. ಅದು ಆ ಕ್ಷಣದ ಬೆಲೆಗೆ ಅಂಟಿಕೊಂಡಿರುತ್ತದೆ. ಅಲ್ಲಿ ಒಂದು ಕೂಡಿಸಿದರೆ ನಿಮ್ಮ ಫೈಲಿನ ಹೆಸರು ಮಾತ್ರ ಬದಲಾಗುತ್ತದೆ. ಮಾಡ್ಯೂಲಿನ ನಂಬರ್ ಇದ್ದಲ್ಲೇ ಇರುತ್ತದೆ. ಆಬ್ಜೆಕ್ಟ್ ತಂದುಕೊಂಡರೆ ಈ ತೊಂದರೆ ಇಲ್ಲ. ಹೆಸರು ಎರಡಾದರೂ ಆಬ್ಜೆಕ್ಟ್ ಅದೇ.

ಎರಡನೆಯದು ಇನ್ನೂ ಕಷ್ಟದ್ದು. ಹೋಟೆಲ್_ಟೋಕನ್ ಫೈಲನ್ನೇ ನೇರವಾಗಿ ಓಡಿಸಿ ಪ್ರೋಗ್ರಾಂ ಶುರು ಮಾಡಿದಿರಿ ಎಂದುಕೊಳ್ಳಿ. ಆಗ ಪೈಥಾನ್ ಅದಕ್ಕೆ __ಮೇನ್__ ಎಂದು ಹೆಸರಿಡುತ್ತದೆ. ಆಮೇಲೆ ಕೌಂಟರಿನ ಫೈಲ್ ಹೋಟೆಲ್_ಟೋಕನ್ ಎಂದು ಕೇಳಿದಾಗ, "ಈ ಹೆಸರಿನದ್ದು ನನ್ನ ಹತ್ತಿರ ಇಲ್ಲ" ಎಂದು ಅದೇ ಫೈಲನ್ನು ಮತ್ತೊಮ್ಮೆ ಓಡಿಸುತ್ತದೆ. ಫೈಲ್ ಒಂದು, ಲೆಕ್ಕ ಎರಡು! ಪರಿಹಾರ ಸುಲಭ. ಶುರು ಮಾಡುವ ಕೆಲಸಕ್ಕೇ ಬೇರೆ ಒಂದು ಸಣ್ಣ ಫೈಲ್ ಇಡಿ, ಲೆಕ್ಕದ ಫೈಲನ್ನು ಇಂಪೋರ್ಟ್ ಮಾತ್ರ ಮಾಡಿ.

ಮೂರನೆಯದೂ ಇದರ ತಮ್ಮನೇ. ಒಂದು ಕಡೆ ಫೋಲ್ಡರ್ ಹೆಸರು ಸೇರಿಸಿ ಇಂಪೋರ್ಟ್, ಇನ್ನೊಂದು ಕಡೆ ಸೇರಿಸದೆ ಇಂಪೋರ್ಟ್ ಮಾಡಿದರೆ ಪೈಥಾನ್‌ಗೆ ಅವು ಎರಡು ಬೇರೆ ಮಾಡ್ಯೂಲ್. ಪ್ರಾಜೆಕ್ಟ್ ಉದ್ದಕ್ಕೂ ಒಂದೇ ರೀತಿಯಲ್ಲಿ ಬರೆಯಿರಿ.

ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಕಡೆ ಇಷ್ಟೇ ಸಾಕು. ಕ್ಲಾಸ್ ಸಾದಾ ಕ್ಲಾಸಾಗಿಯೇ ಉಳಿಯುತ್ತದೆ. ಅದರ ಲಾಭ ಟೆಸ್ಟ್ ಮಾಡುವಾಗ ಗೊತ್ತಾಗುತ್ತದೆ.

ಕ್ಲಾಸೇ ತಡೆಯಬೇಕೆಂದರೆ

ಕೆಲವೊಮ್ಮೆ ಬೇರೆಯವರು ನಿಮ್ಮ ಕ್ಲಾಸನ್ನು ನೇರವಾಗಿ ಕರೆಯುತ್ತಾರೆ. ಹಳೆಯ ಕೋಡಿನಲ್ಲಿ ನೂರು ಕಡೆ ಟೋಕನ್_ಲೆಕ್ಕ() ಎಂದು ಬರೆದಿರುತ್ತದೆ, ಎಲ್ಲವನ್ನೂ ತಿದ್ದಲು ಆಗುವುದಿಲ್ಲ. ಆಗ ಕ್ಲಾಸಿನ ಡಂಡರ್ ನ್ಯೂ ಮೆಥಡ್ ಬದಲಿಸಬೇಕು. ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ ಹೆಸರನ್ನು ಡಂಡರ್ ಎನ್ನುತ್ತೇವೆ. ಆಬ್ಜೆಕ್ಟ್ ಹುಟ್ಟಿಸುವುದು ಡಂಡರ್ ನ್ಯೂ. ಹುಟ್ಟಿದ್ದಕ್ಕೆ ಬೆಲೆ ತುಂಬುವುದು ಡಂಡರ್ ಇನಿಟ್.

ಇಲ್ಲಿ ಎಲ್ಲರೂ ಒಮ್ಮೆಯಾದರೂ ಬೀಳುವ ಗುಂಡಿ ಒಂದಿದೆ. ಡಂಡರ್ ನ್ಯೂ ಹಳೆಯ ಆಬ್ಜೆಕ್ಟನ್ನೇ ವಾಪಸ್ ಕೊಟ್ಟರೂ, ಅದು ಆ ಕ್ಲಾಸಿನದೇ ಆದ್ದರಿಂದ ಪೈಥಾನ್ ಪ್ರತಿ ಸಲ ಡಂಡರ್ ಇನಿಟ್ ಅನ್ನೂ ಓಡಿಸುತ್ತದೆ. ಇನಿಟ್‌ನಲ್ಲಿ ನಂಬರ್ ಸೊನ್ನೆ ಎಂದು ಬರೆದಿದ್ದರೆ ಏನಾಗುತ್ತದೆ ನೋಡಿ. ಊಟದ ಕೌಂಟರ್ 41ರವರೆಗೆ ಕೊಟ್ಟಿದೆ. ಪಾರ್ಸೆಲ್ ಕೌಂಟರಿನವ ಈಗಷ್ಟೇ ಬಂದು ತನ್ನ ಪರದೆ ತೆರೆದ. ಅಲ್ಲಿ ಟೋಕನ್_ಲೆಕ್ಕ() ಎಂದು ಕರೆದ ತಕ್ಷಣ ನಂಬರ್ ಸೊನ್ನೆ. ಊಟದ ಕೌಂಟರಿನಲ್ಲಿ 42 ಬರಬೇಕಾದ ಚೀಟಿಯಲ್ಲಿ 1 ಬರುತ್ತದೆ. ಈಸ್ ಹಾಕಿ ಪರೀಕ್ಷಿಸಿದರೆ ಟ್ರೂ ಎಂದೇ ಹೇಳುತ್ತದೆ, ಆಬ್ಜೆಕ್ಟ್ ಒಂದೇ ಇದೆಯಲ್ಲ. ಹಾಗಾಗಿ ಈಸ್ ಪರೀಕ್ಷೆ ಒಂದೇ ಸಾಲದು. ಒಂದು ನಂಬರ್ ತೆಗೆದು, ಕ್ಲಾಸನ್ನು ಮತ್ತೆ ಕರೆದು, ನಂಬರ್ ಉಳಿದಿದೆಯಾ ಎಂದೂ ನೋಡಬೇಕು.

ಗುಂಡಿ ತಪ್ಪಿಸಲು ನಾನು ಇನಿಟ್ ಬರೆಯುವುದೇ ಇಲ್ಲ. ಮೊದಲ ಬೆಲೆಯನ್ನು ನ್ಯೂ ಒಳಗೇ, ಒಮ್ಮೆ ಮಾತ್ರ ತುಂಬುತ್ತೇನೆ. ಫೈಲಿನ ಮೇಲೆ ಥ್ರೆಡಿಂಗ್ ಇಂಪೋರ್ಟ್ ಮಾಡಿಕೊಂಡು (ಬೀಗ ಯಾಕೆ ಎಂಬುದು ಮುಂದೆ ಬರುತ್ತದೆ):

ಕ್ಲಾಸ್ ಟೋಕನ್_ಲೆಕ್ಕ:
    _ಒಂದೇ = ನನ್
    _ಬೀಗ = ಥ್ರೆಡಿಂಗ್.ಲಾಕ್()

    ಡೆಫ್ __ನ್ಯೂ__(ಸಿಎಲ್ಎಸ್):
        ವಿತ್ ಸಿಎಲ್ಎಸ್._ಬೀಗ:
            ಇಫ್ ಸಿಎಲ್ಎಸ್._ಒಂದೇ ಈಸ್ ನನ್:
                ಹೊಸದು = ಸೂಪರ್().__ನ್ಯೂ__(ಸಿಎಲ್ಎಸ್)
                ಹೊಸದು.ನಂಬರ್ = 0
                ಸಿಎಲ್ಎಸ್._ಒಂದೇ = ಹೊಸದು
        ರಿಟರ್ನ್ ಸಿಎಲ್ಎಸ್._ಒಂದೇ

    ಡೆಫ್ ಮುಂದಿನದು(ಸೆಲ್ಫ್):
        ವಿತ್ ಸೆಲ್ಫ್._ಬೀಗ:
            ಸೆಲ್ಫ್.ನಂಬರ್ += 1
            ರಿಟರ್ನ್ ಸೆಲ್ಫ್.ನಂಬರ್

ಹೊಸದು ಎಂಬ ಹೆಸರಿನಲ್ಲಿ ಪೂರ್ತಿ ತಯಾರಾದ ಮೇಲೆಯೇ _ಒಂದೇ ಹೆಸರಿಗೆ ಹಾಕಿದ್ದೇನೆ, ಗಮನಿಸಿ. ಅರ್ಧ ಬೆಂದ ಆಬ್ಜೆಕ್ಟ್ ಯಾರ ಕೈಗೂ ಸಿಗಬಾರದು. ಸೂಪರ್‌ನ ನ್ಯೂಗೆ ಸಿಎಲ್ಎಸ್ ಒಂದನ್ನೇ ಕೊಡಿ. ಬೇರೆ ಏನಾದರೂ ಸೇರಿಸಿದರೆ ಟೈಪ್‌ಎರರ್ ಬರುತ್ತದೆ.

ಈ ಕ್ಲಾಸಿನಿಂದ ಮರಿ ಕ್ಲಾಸ್ ಮಾಡಲು ಹೋಗಬೇಡಿ. ತಾಯಿಯ _ಒಂದೇ ಮರಿಗೂ ಕಾಣುತ್ತದೆ. ತಾಯಿಯ ಆಬ್ಜೆಕ್ಟ್ ಮೊದಲೇ ಹುಟ್ಟಿದ್ದರೆ ಮರಿಯನ್ನು ಕರೆದಾಗಲೂ ಅದೇ ಸಿಗುತ್ತದೆ. ಹಲವು ಕ್ಲಾಸ್‌ಗಳಿಗೆ ಒಂದೊಂದು ಆಬ್ಜೆಕ್ಟ್ ಬೇಕಾದಾಗ ಮೆಟಾಕ್ಲಾಸ್ (ಕ್ಲಾಸನ್ನೇ ಹುಟ್ಟಿಸುವ ಕ್ಲಾಸ್) ಬರೆದು, ಅದರ ಡಂಡರ್ ಕಾಲ್ ಮೆಥಡ್‌ನಲ್ಲಿ ಕ್ಲಾಸಿಗೊಂದರಂತೆ ಡಿಕ್ಷನರಿಯಲ್ಲಿ ಇಟ್ಟುಕೊಳ್ಳುತ್ತಾರೆ. ಅಲ್ಲಿ ಇನಿಟ್ ಎರಡನೇ ಸಲ ಓಡುವುದೂ ತಪ್ಪುತ್ತದೆ. ದೊಡ್ಡ ಲೈಬ್ರರಿ ಬರೆಯುವವರಿಗೆ ಅದು ಸರಿ. ಹೋಟೆಲ್ ಬಿಲ್ಲಿಂಗ್‌ಗೆ ಜಾಸ್ತಿಯಾಯಿತು, ಆರು ತಿಂಗಳ ನಂತರ ಓದುವವರಿಗೆ ಅರ್ಥ ಆಗುವುದಿಲ್ಲ.

ಬೇಕಾದಾಗ ಮಾತ್ರ ಹುಟ್ಟಬೇಕಾದ ವಸ್ತುಗಳಿಗೆ, ಉದಾಹರಣೆಗೆ ಪ್ರಿಂಟರ್ ಜೋಡಣೆಗೆ, ನನಗೆ ಇಷ್ಟವಾದದ್ದು ಪೈಥಾನ್ ಜೊತೆಗೇ ಬರುವ ಫಂಕ್‌ಟೂಲ್ಸ್ ಮಾಡ್ಯೂಲಿನ ಕ್ಯಾಶ್. ಪೈಥಾನ್ 3.9ರಿಂದ ಇದೆ. ಆಬ್ಜೆಕ್ಟ್ ಮಾಡಿ ವಾಪಸ್ ಕೊಡುವ ಒಂದು ಸಣ್ಣ ಫಂಕ್ಷನ್ ಬರೆದು ಅದರ ತಲೆಯ ಮೇಲೆ ಕ್ಯಾಶ್ ಡೆಕೊರೇಟರ್ ಹಾಕಿ. ಮೊದಲ ಸಲ ಮಾಡಿಕೊಡುತ್ತದೆ, ಆಮೇಲೆ ಅದನ್ನೇ ಕೊಡುತ್ತದೆ. ಎರಡು ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಮೊದಲ ಸಲವೇ ಒಟ್ಟಿಗೆ ಕರೆದರೆ ಫಂಕ್ಷನ್ ಎರಡು ಸಲ ಓಡುವ ಸಾಧ್ಯತೆ ಇದೆ. ಆದ್ದರಿಂದ ಪ್ರೋಗ್ರಾಂ ಶುರುವಾಗುವಾಗಲೇ ಒಮ್ಮೆ ಕರೆದು ಬಿಡಿ.

ಬೀಗ ಯಾಕೆ

ಮೇಲಿನ ಕೋಡಿನಲ್ಲಿ ಬೀಗ ಎರಡು ಕಡೆ ಬಂತು. ಹುಟ್ಟುವಾಗ ಒಮ್ಮೆ, ಎಣಿಸುವಾಗ ಒಮ್ಮೆ. ಎರಡನೆಯದನ್ನೇ ಜನ ಮರೆಯುವುದು.

ಒಂದು ಕೂಡಿಸು ಎಂಬುದು ನಮಗೆ ಒಂದೇ ಕೆಲಸದ ಹಾಗೆ ಕಾಣುತ್ತದೆ. ಒಳಗೆ ಅದು ಮೂರು: ಹಳೆಯ ನಂಬರ್ ಓದು, ಒಂದು ಕೂಡಿಸು, ಹೊಸದನ್ನು ಬರೆ. ಊಟದ ಕೌಂಟರಿನ ಥ್ರೆಡ್ 41 ಎಂದು ಓದಿತು. ಬರೆಯುವಷ್ಟರಲ್ಲಿ ಪಾರ್ಸೆಲ್ ಕೌಂಟರಿನ ಥ್ರೆಡ್ ನುಗ್ಗಿ ಅದೂ 41 ಎಂದು ಓದಿತು. ಇಬ್ಬರೂ 42 ಬರೆದರು. ಇಬ್ಬರ ಪ್ರಿಂಟರಿನಿಂದಲೂ 42 ಹೊರಗೆ ಬಂತು. ಆಬ್ಜೆಕ್ಟ್ ಒಂದೇ ಆದರೂ ಚೀಟಿ ಎರಡು. ಪರ್ಯಾಯದ ರಾತ್ರಿಯ ಗಲಾಟೆ ಮತ್ತೆ ಶುರು.

ಸಾಮಾನ್ಯ ಪೈಥಾನ್‌ನಲ್ಲಿ ಒಂದು ಸಲಕ್ಕೆ ಒಂದೇ ಥ್ರೆಡ್ ಓಡಲು ಬಿಡುವ ಗಿಲ್ ಎಂಬ ದೊಡ್ಡ ಬೀಗ ಇದೆಯಲ್ಲ, ಅದು ಕಾಪಾಡುವುದಿಲ್ಲವಾ ಎಂದು ಕೇಳುತ್ತಾರೆ. ಅದು ಪೈಥಾನ್ ಒಳಗಿನ ಲೆಕ್ಕ ಕೆಡದಂತೆ ನೋಡಿಕೊಳ್ಳುತ್ತದೆ, ನಿಮ್ಮ ಟೋಕನ್ ಲೆಕ್ಕವನ್ನಲ್ಲ. ಮೇಲಾಗಿ 2024ರ ಪೈಥಾನ್ 3.13ರಿಂದ ಗಿಲ್ ಇಲ್ಲದ ಆವೃತ್ತಿಯೂ ಸಿಗುತ್ತಿದೆ. ಬೀಗ ಹಾಕಿ ಬರೆದ ಕೋಡ್ ಎರಡರಲ್ಲೂ ನಡೆಯುತ್ತದೆ. ಮಾಡ್ಯೂಲ್ ದಾರಿಯಲ್ಲಿ ಹೋದವರೂ ಮುಂದಿನದು ಮೆಥಡ್‌ಗೆ ಈ ಬೀಗ ಸೇರಿಸಿಕೊಳ್ಳಿ. ಅಲ್ಲಿ ಹುಟ್ಟಿಸುವಾಗಿನ ಬೀಗ ಬೇಡ, ಇಂಪೋರ್ಟ್ ಮಾಡುವಾಗ ಪೈಥಾನ್ ತಾನೇ ಬೀಗ ಹಾಕಿಕೊಳ್ಳುತ್ತದೆ.

ಸಿಂಗಲ್‌ಟನ್‌ನ ಗಡಿ

ಸಿಂಗಲ್‌ಟನ್ ಎಂದರೆ ಒಂದು ಪ್ರೋಸೆಸ್‌ಗೆ, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಂಗೆ, ಒಂದು. ಊರಿಗೆಲ್ಲ ಒಂದಲ್ಲ. ಮಂಗಳೂರಿನಲ್ಲಿ ವೆಬ್ ಕೆಲಸ ಮಾಡುವ ಗೆಳೆಯರ ಜೊತೆ ಕೂತಾಗ ಹೆಚ್ಚು ಮಾತಾಡುವುದು ಇದನ್ನೇ. ನಿಮ್ಮ ಪ್ರೋಗ್ರಾಂ ವೆಬ್ ಸರ್ವರಿನ ಹಿಂದೆ ನಾಲ್ಕು ವರ್ಕರ್ ಪ್ರೋಸೆಸ್‌ಗಳಾಗಿ ಓಡುತ್ತಿದ್ದರೆ ನಾಲ್ಕಕ್ಕೂ ಬೇರೆ ಬೇರೆ ಮೆಮೊರಿ, ನಾಲ್ಕು ಲೆಕ್ಕ. ಮನೆಯ ಲ್ಯಾಪ್‌ಟಾಪಿನಲ್ಲಿ ಒಂದೇ ಪ್ರೋಸೆಸ್ ಓಡಿಸಿ ನೋಡಿದಾಗ ಎಲ್ಲ ಸರಿ ಇರುತ್ತದೆ, ಸರ್ವರಿಗೆ ಹಾಕಿದ ಮೇಲೆ ನಂಬರ್ ಚೆಲ್ಲಾಪಿಲ್ಲಿ.

ಇನ್ನೊಂದು, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತೇ ಉಂಟು. ಕಂಪ್ಯೂಟರ್ ಆಫ್ ಆಗಿ ಆನ್ ಆದರೆ ಮೆಮೊರಿಯ ಲೆಕ್ಕ ಸೊನ್ನೆಯಿಂದ ಶುರು. ತಿಂಡಿ ಕಾಯುತ್ತ ನಿಂತವರ ಕೈಯಲ್ಲಿ ಹಳೆಯ ನಂಬರ್ ಇರುತ್ತದೆ.

ಎರಡಕ್ಕೂ ಮದ್ದು ಒಂದೇ: ನಂಬರನ್ನು ಡೇಟಾಬೇಸಿನಲ್ಲಿ ಇಡಿ. ಒಂದು ಅಂಗಡಿಗೆ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಧಾರಾಳ ಸಾಕು. ಒಂದೇ ಸಾಲಿನ ಟೇಬಲ್ ಮಾಡಿ, ನಂಬರ್ ಏರಿಸುವ ಅಪ್‌ಡೇಟ್ ಆಜ್ಞೆಯ ಕೊನೆಗೆ ರಿಟರ್ನಿಂಗ್ ಎಂದು ಹಾಕಿ. ಎಸ್‌ಕ್ಯೂಲೈಟ್ 3.35ರಿಂದ ಇದು ನಡೆಯುತ್ತದೆ. ಏರಿಸುವುದೂ ಓದುವುದೂ ಒಂದೇ ಏಟಿಗೆ ಆಗುತ್ತದೆ, ಮಧ್ಯೆ ಯಾರೂ ನುಗ್ಗುವುದಿಲ್ಲ. ಆದರೆ ಡೇಟಾಬೇಸ್ ಕನೆಕ್ಷನ್ನನ್ನೇ ಸಿಂಗಲ್‌ಟನ್ ಮಾಡಲು ಹೋಗಬೇಡಿ. ಪೈಥಾನ್‌ನ ಎಸ್‌ಕ್ಯೂಲೈಟ್ ಕನೆಕ್ಷನ್ ಯಾವ ಥ್ರೆಡ್‌ನಲ್ಲಿ ಹುಟ್ಟಿತೋ ಅಲ್ಲಿ ಮಾತ್ರ ಬಳಸಲು ಬಿಡುತ್ತದೆ. ಇನ್ನೊಂದು ಥ್ರೆಡ್ ಮುಟ್ಟಿದರೆ ಪ್ರೋಗ್ರಾಮಿಂಗ್‌ಎರರ್ ಎಸೆಯುತ್ತದೆ. ಥ್ರೆಡ್‌ಗೊಂದು ಕನೆಕ್ಷನ್ ಇರಲಿ.

ಕೌಂಟರ್ ತೆರೆಯುವ ಮೊದಲು ಪರೀಕ್ಷೆ

ಸಿಂಗಲ್‌ಟನ್ ಇರುವ ಕೋಡಿಗೆ ಟೆಸ್ಟ್ ಬರೆದಾಗ ಒಂದು ಟೆಸ್ಟಿನ ಕಲೆ ಇನ್ನೊಂದಕ್ಕೆ ಅಂಟುತ್ತದೆ. ಮೊದಲ ಟೆಸ್ಟ್ ಮೂರು ಟೋಕನ್ ತೆಗೆಯಿತು. ಎರಡನೇ ಟೆಸ್ಟ್ 1 ಬರುತ್ತದೆ ಎಂದು ಕಾದರೆ 4 ಬಂತು. ಕ್ರಮ ಬದಲಿಸಿದರೆ ಪಾಸ್, ಇಲ್ಲದಿದ್ದರೆ ಫೇಲ್. ನ್ಯೂ ದಾರಿಯಲ್ಲಿ ಹೋದವರು ಪ್ರತಿ ಟೆಸ್ಟಿನ ಮೊದಲು _ಒಂದೇ ಹೆಸರನ್ನು ಮತ್ತೆ ನನ್ ಮಾಡಬೇಕು. ಕ್ಯಾಶ್ ಬಳಸಿದವರು ಕ್ಯಾಶ್_ಕ್ಲಿಯರ್ ಕರೆಯಬೇಕು. ಮಾಡ್ಯೂಲ್ ದಾರಿಯವರಿಗೆ ಮಾತ್ರ ಆರಾಮ. ಕ್ಲಾಸ್ ಸಾದಾ ಇದೆಯಲ್ಲ, ಟೆಸ್ಟಿಗೊಂದು ಹೊಸ ಟೋಕನ್_ಲೆಕ್ಕ() ಮಾಡಿಕೊಂಡರಾಯಿತು. ಕೌಂಟರಿನ ಫಂಕ್ಷನ್‌ಗಳು ಲೆಕ್ಕವನ್ನು ಪ್ಯಾರಾಮೀಟರ್ ಆಗಿ ತೆಗೆದುಕೊಳ್ಳುವಂತೆ ಬರೆದರೆ ಇನ್ನೂ ಒಳ್ಳೆಯದು.

ಕೊನೆಗೆ ಜನಜಂಗುಳಿಯ ಪರೀಕ್ಷೆ. ಹತ್ತು ಥ್ರೆಡ್ ಮಾಡಿ, ಪ್ರತಿಯೊಂದೂ 100 ಟೋಕನ್ ತೆಗೆದು ಒಂದು ಲಿಸ್ಟಿಗೆ ಹಾಕಲಿ. ಎಲ್ಲ ಮುಗಿದ ಮೇಲೆ ಆ ಲಿಸ್ಟನ್ನು ಸೆಟ್ (ಒಂದು ನಂಬರನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುವ ಗುಂಪು) ಮಾಡಿ ಉದ್ದ ನೋಡಿ. ಮೊದಲು ಬೀಗ ತೆಗೆದು ಓಡಿಸಿ. ಈಗಿನ ಪೈಥಾನ್‌ಗಳಲ್ಲಿ ಬೀಗ ಇಲ್ಲದೆಯೂ ಒಮ್ಮೊಮ್ಮೆ ಎಲ್ಲ ಸರಿ ಇರುವಂತೆ ಕಾಣುತ್ತದೆ, ಅದನ್ನು ನಂಬಬೇಡಿ. ಮುಂದಿನದು ಮೆಥಡ್‌ನಲ್ಲಿ ನಂಬರನ್ನು ಬೇರೆ ಹೆಸರಿಗೆ ಓದಿಕೊಂಡು, ಟೈಮ್ ಡಾಟ್ ಸ್ಲೀಪ್ 0.001 ಎಂದು ಹಾಕಿ, ಆಮೇಲೆ ಒಂದು ಕೂಡಿಸಿ ಬರೆಯಿರಿ. ಸೆಟ್ಟಿನ ಉದ್ದ 1000ಕ್ಕಿಂತ ಎಷ್ಟೋ ಕೆಳಗೆ ಬೀಳುತ್ತದೆ. ಕಡಿಮೆಯಾದ ಒಂದೊಂದು ನಂಬರೂ ಕೌಂಟರಿನ ಮುಂದೆ ಒಂದೇ ಚೀಟಿ ಹಿಡಿದು ನಿಂತ ಇನ್ನೊಬ್ಬ ಗಿರಾಕಿ. ಈಗ ಸ್ಲೀಪ್ ಹಾಗೇ ಇರಲಿ, ಬೀಗ ಹಾಕಿ ಮತ್ತೆ ಓಡಿಸಿ. ಒಂದೆರಡು ಸೆಕೆಂಡ್ ತಡವಾದರೂ ಪೂರ್ತಿ 1000 ಬರಬೇಕು. ಬಂದರೆ ಸ್ಲೀಪ್ ಸಾಲನ್ನು ಅಳಿಸಿ, ಎರಡೂ ಪ್ರಿಂಟರ್ ಆನ್ ಮಾಡಿ.